ತಂತಿ ಕಡಿದ ಸದ್ದು

ಟಪ್.

ಪತ್ತೇದಾರ ಗುಂಡಿ ಒತ್ತಿ ಹಾಡನ್ನು ಮತ್ತೆ ಹಿಂದಕ್ಕೆ ಓಡಿಸಿದ. ಹೆಡ್‌ಫೋನನ್ನು ಎರಡೂ ಕೈಯಲ್ಲಿ ಕಿವಿಗೆ ಒತ್ತಿ ಹಿಡಿದು ಕಣ್ಣು ಮುಚ್ಚಿದ. ವಾದ್ಯವಿಲ್ಲ, ತಾಳವಿಲ್ಲ, ಬರೀ ಗಂಟಲು. ‘ಹದ್ದೇ, ನನ್ನನ್ನು ಹೊತ್ತುಕೊಂಡು ಹೋಗು’ ಎಂದು ಸತ್ತುಹೋದ ಗಾಯಕ ಗೋಗರೆಯುತ್ತಿದ್ದ. ಆ ಗೋಗರೆತದ ಹಿಂದೆ, ಪಕ್ಕದ ಮನೆಯಲ್ಲಿ ಯಾರೋ ರೇಡಿಯೋ ಹಚ್ಚಿದಷ್ಟು ಸಣ್ಣಗೆ, ಒಂದು ಗಿಟಾರು ಕೇಳುತ್ತಿತ್ತು. ಆಮೇಲೆ ಅದೇ ಸದ್ದು. ಟಪ್.

"ಏನ್ ಸಾರ್, ಅಳು ಬಂತಾ?" ಮೇಜಿನ ಆಚೆ ಸಿಡಿ ಮಾರುತ್ತಿದ್ದವನು ಕೇಳಿದ. "ಆ ಸಾಲಿಗೆ ಎಲ್ಲರೂ ಅಳ್ತಾರೆ."

"ಬರ್ತಾ ಇದೆ," ಎಂದ ಪತ್ತೇದಾರ. "ಇದನ್ನ ಕೊಂಡ್ಕೊಂಡೆನಲ್ಲಾ ಅಂತ."

ಸಭಾಂಗಣದ ಹೊರಗಿನ ಮೊಗಸಾಲೆಯಲ್ಲಿ ಕಪ್ಪು ಅಂಗಿಯವರು ಸಾಲುಗಟ್ಟಿ ನಿಂತಿದ್ದರು. ಮಧ್ಯಾಹ್ನದ ಸೆಕೆಗೆ ಬೆವರು ಧಾರಾಕಾರವಾಗಿ ಇಳಿಯುತ್ತಿದ್ದರೂ ಒಬ್ಬನೂ ಚರ್ಮದ ಕೋಟು ಬಿಚ್ಚಿರಲಿಲ್ಲ. ಕೆಲವರ ಕೈಯಲ್ಲಿ ರಟ್ಟಿನ ಕತ್ತಿಗಳಿದ್ದವು. ‘ಪ್ರಳಯದುರ್ಗ’ ಎಂಬ ಹೆವಿ ಮೆಟಲ್ ತಂಡದ ಮೊಟ್ಟಮೊದಲ ರೆಕಾರ್ಡು ‘ಹದ್ದಿನ ಕೋಟೆಯ ಪತನ’ ಇವತ್ತು ಬಿಡುಗಡೆ.

ರಾಜ, ಯುದ್ಧ, ಸಿಡಿಲು, ಮತ್ತೆ ಅದೇ ರಾಜ. ರೆಕಾರ್ಡಿನಲ್ಲಿ ಇದ್ದದ್ದು ಇಷ್ಟೇ. ಒಂದು ಹಾಡು ಮುಗಿಯುವಷ್ಟರಲ್ಲಿ ಊಟ ಮುಗಿಸಿ ಸಣ್ಣದೊಂದು ನಿದ್ದೆ ತೆಗೆಯಬಹುದಿತ್ತು, ಆ ಗದ್ದಲದಲ್ಲಿ ನಿದ್ದೆ ಬಂದರೆ. ತಾವು ಮಲಗಿದ ಹಾಸಿಗೆಯನ್ನು ತಾವೇ ಮಡಿಸಿಡಲು ಬಾರದ ಗಂಡಸರು ಸಾಮ್ರಾಜ್ಯ ಕಾಯಲು ಹೊರಟದ್ದನ್ನು ಕೇಳಿಯೇ ಪತ್ತೇದಾರನ ಮೈ ಉರಿಯುತ್ತಿತ್ತು.

ಗಾಯಕನನ್ನು ಎಲ್ಲರೂ ‘ದೊರೆ’ ಎನ್ನುತ್ತಿದ್ದರು. ದೊರೆ ಬದುಕಿದ್ದಾಗ ಈ ತಂಡದ ಅಭಿಮಾನಿಗಳನ್ನೆಲ್ಲ ಒಂದು ವ್ಯಾನಿನಲ್ಲಿ ತುಂಬಬಹುದಿತ್ತು. ಸತ್ತ ಮೇಲೆ ನೋಡಿ, ಕಾಲಿಡಲು ಜಾಗವಿಲ್ಲ. ಗುಡ್ಡದ ತಿರುವಿನಲ್ಲಿ ಅವನ ಕಾರು ಸುಟ್ಟು ಕರಕಲಾಗಿ, ಒಳಗಿದ್ದ ಹೆಣದ ಬೆರಳಲ್ಲಿ ಹದ್ದಿನ ಉಂಗುರ ನೋಡಿ ಹೆಂಡತಿ ‘ಇವರೇ’ ಎಂದಿದ್ದಳು. ಇನ್ಸ್‌ಪೆಕ್ಟರು ಅಷ್ಟಕ್ಕೇ ತೃಪ್ತನಾದ. ಅದಕ್ಕಿಂತ ಹೆಚ್ಚು ಮೈ ಬಗ್ಗಿಸುವುದು ಆ ಮನುಷ್ಯನ ಜಾಯಮಾನವೇ ಅಲ್ಲ.

ಕೊಂದವನೆಂದು ಅವನು ಹಿಡಿದು ಕೂರಿಸಿದ್ದು ತಂಡದ ರೆಕಾರ್ಡಿಂಗ್ ಎಂಜಿನಿಯರನ್ನು. ಪತ್ತೇದಾರನ ಒಬ್ಬಳೇ ಅಕ್ಕನ ಒಬ್ಬನೇ ಮಗನನ್ನು. ಹುಡುಗ ಸ್ಟುಡಿಯೋದಲ್ಲಿ ಎಲ್ಲರೆದುರು ದೊರೆಯ ಮೇಲೆ ಕೂಗಾಡಿದ್ದನ್ನು, ಕೊನೆಗೆ ಅದೇ ಕಾರಿನಲ್ಲಿ ಅವನ ಪಕ್ಕ ಕೂತು ಹೋದದ್ದನ್ನು ಕಂಡವರಿದ್ದರು. ನಾಳೆ ಅವನನ್ನು ಮತ್ತೆ ಕೋರ್ಟಿಗೆ ಕರೆದೊಯ್ಯುವವರಿದ್ದರು. ಲಾಕಪ್ಪಿನಲ್ಲಿ ಎಷ್ಟು ಕೇಳಿದರೂ ಅವನು ‘ನಾನಲ್ಲ ಮಾವ’ ಎನ್ನುವುದರಾಚೆ ಬಾಯಿ ಬಿಟ್ಟಿರಲಿಲ್ಲ.

ಪತ್ತೇದಾರ ತಲೆಯೆತ್ತಿ ಎದುರಿನ ಗೋಡೆ ನೋಡಿದ. ಅಲ್ಲಿ ಒಂದು ದೊಡ್ಡ ಟಿವಿಯಲ್ಲಿ ಒಂದೇ ದೃಶ್ಯ ಬೆಳಗಿನಿಂದ ಓಡುತ್ತಿತ್ತು. ದೊರೆಯ ಫೋಟೋ, ಅದರ ಮುಂದೆ ಉರಿಯುವ ಮೇಣದಬತ್ತಿ, ಪಕ್ಕದಲ್ಲಿ ತಂಡದ ಗಿಟಾರಿನವನು ಕಣ್ಣು ಮುಚ್ಚಿ ನುಡಿಸುತ್ತಿದ್ದಾನೆ. ದೊರೆಯನ್ನು ಮಣ್ಣು ಮಾಡಿ ಬಂದ ಮೇಲೆ ಕ್ಯಾಮರಾದವರನ್ನು ಕರೆಸಿ ನುಡಿಸಿದ ಶೋಕಗೀತೆ. ನುಡಿಸುತ್ತ ನುಡಿಸುತ್ತ ಒಂದು ತಂತಿ ಕಡಿಯುತ್ತದೆ. ಗಿಟಾರಿನವನು ಬಿಕ್ಕುತ್ತಾನೆ, ಆದರೆ ಕೈ ನಿಲ್ಲಿಸುವುದಿಲ್ಲ. ‘ತಂತಿಯೂ ಅತ್ತಿತು’ ಎಂಬ ಅಕ್ಷರಗಳು ಮೂಡುತ್ತವೆ.

ಟಪ್.

ಅದೇ ಸದ್ದು. ಕಿವಿಯೊಳಗೂ ಅದೇ, ಗೋಡೆಯ ಮೇಲೂ ಅದೇ.

ಪತ್ತೇದಾರ ಹೆಡ್‌ಫೋನು ಕಳಚಿ ಕೊರಳಿಗೆ ಇಳಿಸಿಕೊಂಡ. ಸಂಗೀತವೆಂದರೆ ಅವನಿಗೆ ಅಷ್ಟಕ್ಕಷ್ಟೇ, ಆದರೆ ತಂತಿ ಕಡಿದದ್ದು ಕಿವುಡನಿಗೂ ಗೊತ್ತಾಗುವ ವಿಷಯ. ಸಿಡಿಯನ್ನು ಯಂತ್ರದ ಸಮೇತ ಬಗಲಿಗೆ ಇರುಕಿಸಿಕೊಂಡು ಎದ್ದ.

"ಸಾರ್, ಮಿಷನ್ನು ನಂದು!"

"ವಾಪಸ್ ಕೊಡ್ತೀನಯ್ಯಾ, ನಿಮ್ಮ ಹದ್ದಿನ ಮೇಲಾಣೆ."

ಕಂಬದ ಬುಡದಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಅಕ್ಕ ಕಿವಿಗೆ ಹತ್ತಿ ತುರುಕಿಕೊಂಡು ಕೂತಿದ್ದಳು. ಮನೆಯಲ್ಲಿರು ಎಂದರೂ ಕೇಳದೆ ಬಂದಿದ್ದಳು. ಭಾವ ಕೆಲಸದ ಮೇಲೆ ಪರವೂರಿಗೆ ಹೋಗಿದ್ದರಿಂದ ಜೊತೆಗೆ ಬೇರೆ ಯಾರೂ ಇರಲಿಲ್ಲ.

"ಇಲ್ಲೇ ಕೂತಿರಕ್ಕ. ಈಗ ಬಂದೆ."

"ಏನಾದ್ರೂ ಸಿಕ್ತೇನೋ?"

"ಸಿಕ್ಕಿದೆ ಅನ್ಸುತ್ತೆ. ನಿನ್ನ ಮಗನ್ನ ಮನೆಗೆ ಕರ್ಕೊಂಡು ಬರ್ತೀನಿ, ಸುಮ್ನಿರು."

ವೇದಿಕೆಯ ಹಿಂದಿನ ಕೋಣೆಯ ಬಾಗಿಲಲ್ಲಿ ಒಬ್ಬ ಕಾವಲುಗಾರ ಅಡ್ಡ ನಿಂತಿದ್ದ. ‘ಸಂದರ್ಶನ’ ಎಂದ ಕೂಡಲೇ ಸರಿದು ದಾರಿ ಬಿಟ್ಟ. ಈ ಜನ ಕಳ್ಳನನ್ನಾದರೂ ತಡೆದಾರು, ಹೊಗಳುವವನನ್ನು ತಡೆಯಲಾರರು.

ಕನ್ನಡಿಯ ಮುಂದೆ ಗಿಟಾರಿನವನು ಕೂತಿದ್ದ. ತಂಡದಲ್ಲಿ ಅವನಿಗೆ ‘ಸೇನಾಪತಿ’ ಎಂದು ಹೆಸರು, ಇಟ್ಟುಕೊಂಡವನು ಅವನೇ. ಬಣ್ಣದವನೊಬ್ಬ ಅವನ ಕೆನ್ನೆಯ ಮೇಲೆ ಯುದ್ಧದ ಗಾಯವೊಂದನ್ನು ಬರೆದು ಮುಗಿಸುತ್ತಿದ್ದ. ಎರಡೂ ಭುಜದ ಮೇಲೆ ಉಕ್ಕಿನ ಬಣ್ಣದ ಕವಚ, ಹತ್ತಿರ ಹೋದರೆ ಫೈಬರಿನ ವಾಸನೆ. ಮೂಲೆಯ ಸೋಫಾದಲ್ಲಿ ಡ್ರಮ್ಮಿನವನು ತನ್ನ ತೊಡೆಗಳನ್ನೇ ಬಡಿದುಕೊಳ್ಳುತ್ತಿದ್ದ. ಎಲ್ಲರೂ ‘ಗುಡುಗು’ ಎಂದು ಕರೆಯುವ ಈ ಮನುಷ್ಯ ಮಾತಾಡಿದರೆ ಪಕ್ಕದಲ್ಲಿ ಕೂತವರಿಗೂ ಕೇಳಿಸುತ್ತಿರಲಿಲ್ಲ.

"ಅಂಕಲ್, ಮತ್ತೆ ನೀವಾ?" ಸೇನಾಪತಿ ಕನ್ನಡಿಯಲ್ಲೇ ಮುಖ ಸಿಂಡರಿಸಿದ. "ನಿಮ್ಮ ಅಳಿಯನ ವಿಷಯ ಆದ್ರೆ ನನಗೆ ಟೈಮಿಲ್ಲ."

"ಅವನ ಸುದ್ದಿ ಬಿಡಿ. ರೆಕಾರ್ಡು ಕೇಳ್ಕೊಂಡು ಬಂದೆ. ಆ ಕೊನೇ ಸಾಲು ಇದೆಯಲ್ಲಾ, ನನ್ನಂಥವನಿಗೂ ಮತ್ತೆ ಮತ್ತೆ ಹಾಕ್ಕೊಂಡು ಕೇಳೋ ಹಾಗಾಯ್ತು."

ಅದೇನೂ ಪೂರ್ತಿ ಸುಳ್ಳಲ್ಲ. ಸೇನಾಪತಿ ಬಣ್ಣದವನನ್ನು ಕೈಸನ್ನೆಯಲ್ಲೇ ಹೊರಗೆ ಕಳಿಸಿ, ಕುರ್ಚಿಯನ್ನು ಇತ್ತ ತಿರುಗಿಸಿದ. ಇಷ್ಟು ಬೆಣ್ಣೆಗೇ ಮನುಷ್ಯ ಕರಗಿಹೋಗಿದ್ದ.

"ಅದು ನನ್ನ ಐಡಿಯಾ ಅಂಕಲ್. ಹಾಡಲ್ಲಿ ಆ ಸಾಲಿನ ಜೊತೆಗೇ ನನ್ನ ಗಿಟಾರು ಬರುತ್ತೆ. ಆದ್ರೆ ರೆಕಾರ್ಡಿನ ಕಟ್ಟಕಡೆಗೆ ಅದೇ ಸಾಲನ್ನ ಒಂಟಿಯಾಗಿ ಇನ್ನೊಂದ್ ಸಲ ಇಟ್ಟೆ. ಕವರ್ ಹಿಂದೆ ಓದಿ."

ಪತ್ತೇದಾರ ಜೋರಾಗಿಯೇ ಓದಿದ. "‘ಇಲ್ಲಿ ದೊರೆಯ ಕಂಠದ ಹೊರತು ಬೇರೇನೂ ಇಲ್ಲ.’ ನಿಮ್ಮ ಗಿಟಾರು ಕೂಡ ಇಲ್ವಾ?"

"ಒಂದು ಎಳೆ ಕೂಡ ಇಲ್ಲ. ಅದೇ ನನ್ನ ತ್ಯಾಗ."

"ದೊಡ್ಡ ಮನಸ್ಸು. ಹಾಡನ್ನ ಕೊನೆಗೆ ಸಿದ್ಧ ಮಾಡಿದ್ದೂ ನೀವೇನಾ?"

"ಇನ್ಯಾರು? ನಿಮ್ಮ ಅಳಿಯ ಒಳಗೆ ಕೂತಿದ್ದಾನೆ. ಅವನು ಮಾಡ್ತಿದ್ದ ಕೆಲಸ ಏನ್ ಬ್ರಹ್ಮವಿದ್ಯೇನಾ? ನಾಲ್ಕು ಗುಂಡಿ ತಿರುಗಿಸೋದು."

ಪತ್ತೇದಾರ ಹಲ್ಲು ಕಚ್ಚಿ ನಕ್ಕ. "ನಿಮ್ಮ ಗಿಟಾರು ನುಡಿಸಿದ್ದು ದೊರೆ ಹಾಡೋಕೆ ಮುಂಚೆನಾ, ಆಮೇಲಾ?"

"ಏನ್ ಪ್ರಶ್ನೆ ಅಂಕಲ್ ಇದು! ಅವನು ಹಾಡಿ ಮುಗಿಸಿ ಹೋದ. ನಾನು ನುಡಿಸಿದ್ದು ಅವನನ್ನ ಮಣ್ಣು ಮಾಡಿ ಬಂದ ಮೇಲೆ. ಲೋಕಕ್ಕೆಲ್ಲಾ ಗೊತ್ತು, ಕ್ಯಾಮರಾ ಎದುರಿಗೇ ಇತ್ತು."

"ಅದಕ್ಕೆ ಮುಂಚೆ ಒಂದ್ ಸಲ ಪ್ರಾಕ್ಟೀಸು ಅಂತ ನುಡಿಸಿರಬಹುದು..."

"ಇಲ್ಲ. ಒಂದೇ ಸಲ. ದುಃಖಾನ ಎರಡು ಸಲ ನುಡಿಸಕ್ಕಾಗಲ್ಲ. ಆ ತಂತಿನೂ ಒಂದೇ ಸಲ ಕಡೀತು."

ಗುಡುಗು ಸೋಫಾದಿಂದ ಮೆಲ್ಲಗೆ ತಲೆಯಾಡಿಸಿ ಹೌದೆಂದ. ಅವನ ಕಣ್ಣಲ್ಲಿ ನೀರಾಡಿತು.

ತಾನು ಮುಚ್ಚಬೇಕೆಂದಿದ್ದ ಬಾಗಿಲುಗಳನ್ನೆಲ್ಲ ಈ ಮಹಾಶಯ ತಾನೇ ಮುಚ್ಚಿ ಅಗುಳಿ ಹಾಕಿದ್ದ. ಪತ್ತೇದಾರ ಹೆಡ್‌ಫೋನು ಮುಂದೆ ಹಿಡಿದ.

"ಕೇಳಿ."

"ನನ್ನ ರೆಕಾರ್ಡು ನನಗೇ ಕೇಳಿಸ್ತೀರಾ?"

"ಕೇಳಿ ಅಂದೆ."

ಸೇನಾಪತಿ ಕಿವಿಗೆ ಹಾಕಿಕೊಂಡ. ಮೊದಲು ಅವನ ಮುಖದಲ್ಲಿ ಅಭಿನಯದ ದುಃಖವಿತ್ತು. ಆಮೇಲೆ ಹುಬ್ಬು ಗಂಟಿಕ್ಕಿತು. ಆಮೇಲೆ ಬಳಿದ ಬಣ್ಣದ ಕೆಳಗೆ ಮುಖ ಬಿಳಿಚಿಕೊಂಡು, ಕೆನ್ನೆಯ ಗಾಯವೊಂದೇ ಕೆಂಪಗೆ ಉಳಿಯಿತು.

"ಏನು? ಏನಾಯ್ತು?" ಎಂದ ಗುಡುಗು.

"ನಾನು ಹೇಳ್ತೀನಿ," ಎಂದ ಪತ್ತೇದಾರ. "ನೀವೆಲ್ಲಾ ನುಡಿಸಿದ್ದನ್ನ ಮೊದಲು ತುಂಬಿಸಿಡ್ತೀರಿ. ದೊರೆ ಅದನ್ನ ಹೆಡ್‌ಫೋನಲ್ಲಿ ಕೇಳ್ತಾ, ಕೋಣೇಲಿ ಒಬ್ಬನೇ ನಿಂತು ಹಾಡ್ತಾನೆ. ಆದ್ರೆ ಅವನಿಗೆ ತನ್ನ ಗಂಟಲು ತಾನು ಕೇಳೋ ಚಟ. ಹೆಡ್‌ಫೋನಿನ ಒಂದು ಕಡೆ ಕಿವಿಯಿಂದ ಸರಿಸಿಬಿಡ್ತಾನೆ, ಸೌಂಡು ಪೂರ್ತಿ ಏರಿಸಿಬಿಡ್ತಾನೆ. ಅಲ್ವಾ?"

ಗುಡುಗು ತಲೆಯಾಡಿಸಿದ. "ಅದಕ್ಕೇ ಅವನಿಗೂ ನಿಮ್ಮ ಅಳಿಯನಿಗೂ ಜಗಳ."

"ಸರಿಸಿದ ಕಡೆಯಿಂದ ಸದ್ದು ಹೊರಗೆ ಬಂದು ಮೈಕಿಗೆ ಬೀಳುತ್ತೆ. ನನ್ನ ಅಳಿಯ ನಮ್ಮ ಮನೇಲಿ ಊಟಕ್ಕೆ ಕೂತಾಗೆಲ್ಲಾ ಇದನ್ನೇ ಹೇಳಿ ತಲೆ ತಿಂತಿದ್ದ. ದೊರೆ ಉಸಿರು ಎಳ್ಕೊಳ್ಳೋ ಸಂದಿ ಸಂದಿಯಿಂದ ಆ ಕಸ ಹೆಕ್ಕಿ ಹೆಕ್ಕಿ ತೆಗೀತಿದ್ದವನು ಅವನು. ನೀವು ಕಸ ಗುಡಿಸೋನ್ನ ಲಾಕಪ್ಪಿಗೆ ಕಳಿಸಿ, ಮನೆ ಕ್ಲೀನಾಗಿದೆ ಅಂತ ನೆಂಟರನ್ನ ಕರೆದ್ರಿ."

"ಅದು... ಹಿಂದೆ ಸಣ್ಣಗೆ ನಾನೇ ಸೇರಿಸಿರಬೇಕು," ಎಂದ ಸೇನಾಪತಿ.

"ಒಂದು ಎಳೆ ಕೂಡ ಇಲ್ಲ ಅಂದ್ರಲ್ಲಾ ಈಗ ತಾನೇ? ತ್ಯಾಗ ಎಲ್ಲೋಯ್ತು?"

"ಮರ್ತಿದ್ದೆ."

"ಸರಿ, ಮರ್ತಿದ್ರಿ. ಗಿಟಾರಿನ ಜೊತೆಗೆ ಟಿಕ್ ಟಿಕ್ ಅಂತ ಗಡಿಯಾರದ ಹಾಗೆ ಬರ್ತಿದೆಯಲ್ಲಾ, ಅದನ್ನೂ ನೀವೇ ಸೇರಿಸಿದ್ರಾ?"

ಸೇನಾಪತಿ ಹೆಡ್‌ಫೋನನ್ನು ಕಿವಿಯಿಂದ ಕಿತ್ತು ಕೈಯಲ್ಲಿ ಹಿಡಿದ. ತಾಳ ತಪ್ಪದಿರಲೆಂದು ಹಾಡುವವನ ಕಿವಿಗೆ ಮಾತ್ರ ಕೇಳಿಸುವ ಸದ್ದು ಅದು. ಎಂಥ ಅಡ್ನಾಡಿ ತಂಡವೂ ಅದನ್ನು ರೆಕಾರ್ಡಿಗೆ ಸೇರಿಸುವುದಿಲ್ಲ.

"ಬೇರೆ ಯಾರಾದ್ರೂ ಹಾಡಿರಬಹುದಲ್ಲಾ..." ಎಂದ ಸೇನಾಪತಿ.

"ಈ ಗಂಟಲು ಭೂಮಿ ಮೇಲೆ ಇನ್ನೊಬ್ಬನಿಗಿಲ್ಲ ಅಂತ ಹೊರಗೆ ಮಾರುದ್ದದ ಪೋಸ್ಟರ್ ಹಾಕ್ಸಿದೀರಿ." ಪತ್ತೇದಾರನ ದನಿ ಏರಿತು. ಇಷ್ಟು ದಿನ ನುಂಗಿದ್ದೆಲ್ಲ ನೆತ್ತಿಗೇರಿತ್ತು. "ತಂತಿ ಕಡಿದದ್ದು ಹೆಣ ಮಣ್ಣಿಗೆ ಹೋದ ಮೇಲೆ. ಆ ತಂತಿ ಕಡಿದ ಸದ್ದನ್ನ ಕಿವೀಲಿ ಕೇಳ್ತಾ ನಿಮ್ಮ ದೊರೆ ಹಾಡಿದ್ದಾನೆ. ಬದುಕಿದ್ದವನನ್ನ ಯಾರೂ ಕೇಳ್ತಿರಲಿಲ್ಲ, ಅದಕ್ಕೆ ಸಾಯಿಸಿಬಿಟ್ರಿ. ಥೂ ನಿಮ್ಮ! ಬದುಕಿ ಹಾಡಿದ್ರೂ ಜನ ಬರಲ್ಲ, ಸಾಯೋಣ ಅಂದ್ರೆ ಅದನ್ನೂ ನೆಟ್ಟಗೆ ಸಾಯಕ್ಕೆ ಬರಲ್ಲ. ನಿಮ್ಮ ಈ ನಾಟಕಕ್ಕೆ ನಮ್ಮ ಹುಡುಗ ಕಂಬಿ ಎಣಿಸಬೇಕು, ನಮ್ಮಕ್ಕ ಊಟ ನಿದ್ದೆ ಬಿಡಬೇಕು. ಎಲ್ಲಿದ್ದಾನೆ ಅವನು?"

ಗುಡುಗು ಎದ್ದು ನಿಂತಿದ್ದ.

"ದೊರೆ ಬದುಕಿದ್ದಾನಾ? ನನಗ್ಯಾಕೋ ಹೇಳ್ಲಿಲ್ಲ?"

"ಕೂತ್ಕೊಳೋ," ಎಂದ ಸೇನಾಪತಿ.

"ನಾನು ಅತ್ತಿದ್ದೆಲ್ಲಾ ಸುಮ್ಮನೇನಾ? ಹಾಗಾದ್ರೆ ಇದನ್ನೇನೋ ಮಾಡ್ಲಿ?" ಗುಡುಗು ತೋಳು ಮೇಲೇರಿಸಿ ತೋರಿಸಿದ. ಅಲ್ಲಿ ದೊರೆಯ ಮುಖದ ಹೊಸ ಹಚ್ಚೆಯಿತ್ತು. ಒಂದು ಕಣ್ಣು ಇನ್ನೊಂದಕ್ಕಿಂತ ಕೆಳಗಿತ್ತು. ಬೇರೆ ದಿನವಾಗಿದ್ದರೆ ಪತ್ತೇದಾರ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಇವತ್ತು ಅವನಿಗೆ ಆ ಬೆಪ್ಪನ ಮೇಲೆ ಮರುಕ ಬಂತು, ಬಂದದ್ದಕ್ಕೆ ತನ್ನ ಮೇಲೇ ಸಿಟ್ಟೂ ಬಂತು.

"ಎಲ್ಲಿದ್ದಾನೆ ಅಂದೆ."

ಸೇನಾಪತಿ ಹೆಡ್‌ಫೋನನ್ನು ಮೇಜಿನ ಮೇಲಿಟ್ಟ. ಭುಜದ ಕವಚದ ಪಟ್ಟಿಗಳನ್ನು ಒಂದೊಂದಾಗಿ ಸಡಿಲಿಸಿದ. ಕವಚ ಕಳಚಿದ ಮೇಲೆ ಆಳು ಅರ್ಧಕ್ಕರ್ಧ ಇಳಿದುಹೋದ. ಆದರೆ ಅವನ ತುಟಿಯ ಮೇಲೆ ಸಣ್ಣದೊಂದು ನಗು ಮೂಡಿತ್ತು. ಆ ನಗು ಪತ್ತೇದಾರನಿಗೆ ಸರಿಬರಲಿಲ್ಲ.

"ಆಯ್ತು ಅಂಕಲ್. ಬದುಕಿದ್ದಾನೆ. ಈಗ್ಲೇ ಸ್ಟೇಷನ್‌ಗೆ ಹೋಗಿ ಹೇಳಿ, ನಾನೂ ಬರ್ತೀನಿ. ಬೇಕಾದ್ರೆ ದೊರೆನೂ ಬರ್ತಾನೆ. ಮೋಸ ಮಾಡಿದ್ರು ಅಂತ ನಮ್ಮನ್ನ ಒಂದಷ್ಟು ದಿನ ಒಳಗೆ ಹಾಕ್ತಾರೆ. ಹೊರಗೆ ಬಂದ್ರೆ ಸೇರೋ ಜನಕ್ಕೆ ಇದಕ್ಕಿಂತ ದೊಡ್ಡ ಸಭಾಂಗಣ ಬೇಕಾಗುತ್ತೆ."

"ಹೋಗೋಣ, ನಡೀರಿ."

"ನಡೀತೀನಿ. ಇನ್ಸ್‌ಪೆಕ್ಟರು ಕೇಳೋ ಮುಂದಿನ ಪ್ರಶ್ನೆಗೆ ಉತ್ತರ ಇಟ್ಕೊಂಡಿದೀರಾ?"

ಪತ್ತೇದಾರನ ಕೈ ಬಾಗಿಲ ಚಿಲಕದ ಮೇಲೆ ಹಾಗೇ ನಿಂತಿತು. ಹಾಡು, ತಂತಿ, ಟಿಕ್ ಟಿಕ್ಕುಗಳ ಬೆನ್ನು ಹತ್ತಿದ ಭರದಲ್ಲಿ ಅವನು ಒಂದು ವಿಷಯವನ್ನು ಕೈಬಿಟ್ಟಿದ್ದ. ದೊರೆ ಸಾಯದಿದ್ದರೂ ಕಾರಿನಲ್ಲಿ ಒಂದು ಹೆಣವಂತೂ ಇತ್ತು.

"ಅದು ಯಾರ ಹೆಣ?" ಎಂದ.

"ನಮಗೇನ್ ಗೊತ್ತು? ಕಾರು ಸುಟ್ಟು, ಉಂಗುರ ಅಲ್ಲಿ ಎಸೆದು, ದೊರೆ ಕಾಣೆಯಾಗೋದು ಅಂತ ಪ್ಲ್ಯಾನ್ ಇತ್ತು. ಹೆಣದ ಮಾತೇ ಇರಲಿಲ್ಲ. ಸ್ಟುಡಿಯೋದಲ್ಲಿ ಜಗಳ ಆಡಿದ ಹಾಗೆ ಆಡು ಅಂತ ನಿಮ್ಮ ಅಳಿಯನಿಗೆ ಹೇಳ್ಕೊಟ್ಟಿದ್ದೂ ನಾವೇ. ನಿಮ್ಮ ಅಳಿಯ ಬಂದ, ‘ಬರೀ ಉಂಗುರ ಇದ್ರೆ ಯಾರು ನಂಬ್ತಾರೆ, ಒಂದು ಹೆಣ ಇದ್ರೆ ಆಗುತ್ತಲ್ವಾ’ ಅಂದ. ನಾವು ತಮಾಷೆ ಅಂದ್ಕೊಂಡ್ವಿ. ಗುಡ್ಡದ ಹತ್ರ ದೊರೆ ಇಳಿದುಹೋದ. ಆಮೇಲೆ ಅಲ್ಲಿದ್ದೋನು ನಿಮ್ಮ ಅಳಿಯ ಒಬ್ಬನೇ."

"ಸುಳ್ಳು."

"ಹಾಗಾದ್ರೆ ಅವನ್ಯಾಕೆ ಬಾಯಿ ಬಿಡ್ತಿಲ್ಲ? ದೊರೆ ಬದುಕಿದ್ದಾನೆ ಅಂತ ಒಂದು ಮಾತು ಹೇಳಿದ್ರೆ ಸಾಕಲ್ವಾ?" ಸೇನಾಪತಿ ಮುಂದಕ್ಕೆ ಬಾಗಿದ. "ಬದುಕಿರೋನ್ನ ಕೊಂದ ಅನ್ನೋ ಕೇಸಲ್ಲಿ ಯಾರಿಗೂ ಶಿಕ್ಷೆ ಆಗಲ್ಲ ಅಂಕಲ್. ಯಾವಾಗ ಬೇಕಾದ್ರೂ ದೊರೆ ಎದ್ದು ಬಂದ್ರೆ ಮುಗೀತು. ಆ ಕೇಸಲ್ಲಿ ಇರೋವರೆಗೂ ಅವನು ಸೇಫು. ಅದನ್ನ ಇವತ್ತು ನೀವೇ ಒಡೆದುಹಾಕಿದ್ರಿ. ನಿಮ್ಮ ಬುದ್ಧಿವಂತಿಕೆಗೆ ಒಂದು ದೊಡ್ಡ ನಮಸ್ಕಾರ."

ಪತ್ತೇದಾರ ಅವನಿಗೆ ಹೊಡೆಯಬೇಕೆಂದುಕೊಂಡ. ಲಾಕಪ್ಪಿನ ಕಂಬಿಯ ಹಿಂದೆ ಕಣ್ಣಿಗೆ ಕಣ್ಣು ಕೊಡದೆ ಕೂತಿದ್ದ ಹುಡುಗನ ಮುಖ ಎದುರು ಬಂತು. ಅದನ್ನು ಅವನು ಭಯ ಎಂದುಕೊಂಡಿದ್ದ.

ಬಾಗಿಲು ತಾನಾಗಿ ಒಳಗೆ ತೆರೆಯಿತು. ಅಕ್ಕ ನಿಂತಿದ್ದಳು. ಕಿವಿಯ ಹತ್ತಿಯನ್ನು ತೆಗೆದು ಮುಷ್ಟಿಯಲ್ಲಿ ಹಿಡಿದಿದ್ದಳು.

"ಅಕ್ಕ, ನೀನು ಹೊರಗಿರು. ಇವನು ಬಾಯಿಗೆ ಬಂದದ್ದು ಬೊಗಳ್ತಿದ್ದಾನೆ."

ಅವಳು ಸೇನಾಪತಿಯನ್ನಾಗಲೀ ಗುಡುಗನ್ನಾಗಲೀ ನೋಡಲಿಲ್ಲ. ತಮ್ಮನ ತೋಳು ಹಿಡಿದುಕೊಂಡಳು.

"ನಿನ್ನ ಭಾವ ಕೆಲಸದ ಮೇಲೆ ಪರವೂರಿಗೆ ಹೋಗಿದ್ದಾರೆ ಅಂದಿದ್ದೆನಲ್ಲಾ..."

"ಹೂಂ. ಅದಕ್ಕೇನೀಗ?"

"ಎಲ್ಲಿ ಹೋಗಿದ್ದಾರೋ ನನಗೆ ಗೊತ್ತಿಲ್ಲ ಕಣೋ. ಹಾಗೆ ಹೇಳು ಅಂದಿದ್ದು ನನ್ನ ಮಗನೇ." ಅವಳು ಹತ್ತಿಯನ್ನು ಮುಷ್ಟಿಯಲ್ಲಿ ಹಿಸುಕಿದಳು. "ಆ ಕಾರು ಸುಟ್ಟ ದಿನ ಅಪ್ಪ ಮಗ ಇಬ್ಬರೂ ಜಗಳ ಆಡ್ಕೊಂಡು ಒಟ್ಟಿಗೆ ಮನೆಯಿಂದ ಹೋದ್ರು. ವಾಪಸ್ ಬಂದಿದ್ದು ಮಗ ಒಬ್ಬನೇ."